ಐದು ಮೀಟರಿನ ಅನುಮಾನ

ಶಹಾಪುರದಲ್ಲಿ ನನ್ನದೊಂದು ಅರಿವಿ ಅಂಗಡಿ ಇದೆ. ಮೀಟರಿಗೆ ಒಂದು ಬೆರಳು ಕಡಿಮೆ ಬಿದ್ದರೂ ಹೆಣ್ಣುಮಕ್ಕಳು ಬಟ್ಟೆಯನ್ನು ಮುಖದ ಮೇಲೆ ಒಗೆದು ಎದುರಿನ ಅಂಗಡಿಗೆ ಹೋಗುವ ಊರು ಇದು. ಹೀಗೆ ಅಳತೆಯ ಮೇಲೆ ಅನ್ನ ಉಣ್ಣುವ ನಾನು, ಅಂಗೈಯಷ್ಟು ಅಗಲದ ಜಿಪಿಎಸ್ ಯಂತ್ರವೊಂದನ್ನು ಆರಿಸಿ, ಕೊಂಡು ತಂದು, ಹಿರಿಯರ ಮುಂದೆ ಹಿಡಿದು ನಿಂತೆನಲ್ಲ! ಅದನ್ನು ನೆನೆದಾಗ ಹೇಸಿಗೆ ಮೊದಲು ಯಂತ್ರದ ಮೇಲೆ ಬರುತ್ತದೆಯೋ ನನ್ನ ಮೇಲೆಯೋ ಹೇಳಲಾರೆ.

ತಕರಾರು ಇದ್ದದ್ದು ದೇವಾಪುರದ ಹೊಲದಲ್ಲಿ. ನನ್ನ ದೊಡ್ಡಪ್ಪ ಮತ್ತು ಕಾಕಾ, ಅಂದರೆ ತೀರಿಹೋದ ನನ್ನ ತಂದೆಯ ಅಣ್ಣ ಮತ್ತು ತಮ್ಮ, ಅಲ್ಲಿ ಅಕ್ಕಪಕ್ಕದ ಹೊಲ ಮಾಡುತ್ತಾರೆ. ನಡುವೆ ಒಂದು ಬದು, ಬದುವಿನ ಮೇಲೆ ಒಂದು ಬನ್ನಿಗಿಡ. ಎಳ್ಳಮಾವಾಸ್ಯೆಯ ದಿನ ಆ ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಆಮೇಲೆ ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಭೂಮಿತಾಯಿಗೆ ಚರಗ ಚೆಲ್ಲುವುದು ಎರಡೂ ಮನೆಯ ಪದ್ಧತಿ. ಕಾಕಾ ಪ್ರತಿವರ್ಷ ನೇಗಿಲ ತುದಿಯಿಂದ ಬದು ಕೆರೆದು ಕೆರೆದು ಅಣ್ಣನ ಹೊಲದೊಳಗೆ ದೀಡು ಮೊಳ, ಅಂದರೆ ಒಂದೂವರೆ ಮೊಳ, ಬಂದುಬಿಟ್ಟಿದ್ದಾನೆ ಎಂದು ದೊಡ್ಡಪ್ಪನ ವಾದ. ಬದು ಅಜ್ಜನ ಕಾಲದಿಂದ ಕೂತಲ್ಲೇ ಕೂತಿದೆ, ಅಣ್ಣನ ಕಣ್ಣೇ ಸರಿದಿದೆ ಎಂದು ಕಾಕಾನ ವಾದ. ವಾದ ಬೆಳೆದು ಮಾತು ನಿಂತಿತ್ತು. ದೊಡ್ಡಪ್ಪ ಒಂದು ದಿನ ಟ್ರ್ಯಾಕ್ಟರಿನಲ್ಲಿ ಕಲ್ಲುಕಂಬ ತರಿಸಿ ಬದುವಿನ ಉದ್ದಕ್ಕೂ ಕೆಡವಿಸಿದ. ತಂತಿಬೇಲಿ ಹಾಕುತ್ತಾನಂತೆ. ಅವನು ಹೇಳುವ ಗೆರೆಯ ಮೇಲೆ ಹಾಕಿದರೆ ಬನ್ನಿಗಿಡ ಪೂರಾ ಅವನ ಬೇಲಿಯ ಒಳಗೆ.

ಇದರಿಂದ ಹೊಟ್ಟೆ ಉರಿದದ್ದು ಕಾಕಾನಿಗಿಂತ ಅವನ ಹೆಂಡತಿಗೆ, ನಮ್ಮ ಚಿಗವ್ವನಿಗೆ. ಕುಪ್ಪಸದ ಖಣ ನೋಡುವ ನೆಪದಲ್ಲಿ ಒಂದು ದಿನ ಅಂಗಡಿಗೆ ಬಂದಳು. ಖಣದ ಅಂಚು ಉಜ್ಜುತ್ತ ಕೂತಳೇ ಹೊರತು ಒಂದನ್ನೂ ಒಪ್ಪಲಿಲ್ಲ.

“ತಮ್ಮಾ, ಬೇಲಿ ಬಿದ್ರ ನಾ ಪಾಂಡವರನ್ನ ಎಲ್ಲಿಡ್ಲಿ?”

“ಬ್ಯಾರೆ ಗಿಡ ಇಲ್ಲೇನು ಚಿಗವ್ವ, ನಿಮ್ಮ ಕಡಿ ಬೇವಿನಗಿಡ ಅದಲ್ಲ.”

“ಹೌದಪಾ, ಅದ. ಲೈಟಿನ ಕಂಬನೂ ಅದ, ಅದಕ್ಕ ಇಡ್ಲೇನು?” ಎಂದು ಸಿಟ್ಟಿನಿಂದ ಖಣ ಸರಿಸಿದಳು. “ಮದುವ್ಯಾಗಿ ಬಂದ ವರ್ಷ ನಮ್ಮತ್ತಿ ನನ್ನ ಕೈ ಹಿಡದು ಅಲ್ಲಿ ಕಲ್ಲ ಇಡಿಸ್ಯಾಳ. ಒಂದ ವರ್ಷ ತಪ್ಪಿಲ್ಲ. ಈಗ ಭಾವನವ್ರ ಬೇಲಿ ಹೊರಗ ನಿಂತು ಗಿಡಕ್ಕ ಕೈ ಮುಗೀಬೇಕೇನು ನಾನು? ಅಳಿಯೂದು ನಿನ್ನ ಕಸುಬು. ಅಳದು ಬಗೀಹರಸು.”

ಅಳೆಯಲು ಯಾರೂ ಬಂದಿರಲಿಲ್ಲವೆಂದಲ್ಲ. ಸರ್ವೇಯರ್ ಬಂದು, ಸರಪಳಿ ಎಳೆದು, ನಕಾಶೆ ಬಿಡಿಸಿ ತೋರಿಸಿದ್ದ. ಅವನು ಕಾಕಾನ ಮನೆಯಲ್ಲಿ ಚಹಾ ಕುಡಿದನೆಂದು ದೊಡ್ಡಪ್ಪ ಒಪ್ಪಲಿಲ್ಲ. ದೊಡ್ಡಪ್ಪನ ಮನೆಯಲ್ಲಿ ಅವಲಕ್ಕಿ ತಿಂದನೆಂದು ಕಾಕಾ ಒಪ್ಪಲಿಲ್ಲ. ಆಮೇಲೆ ಇಬ್ಬರೂ ತಮ್ಮ ತಮ್ಮ ಮೊಬೈಲಿನಲ್ಲಿ ನಕ್ಷೆ ತೆಗೆದರು. ದೊಡ್ಡಪ್ಪನ ಮೊಬೈಲು ಅವನನ್ನು ಕಾಕಾನ ತೊಗರಿಯಲ್ಲಿ ನಿಲ್ಲಿಸಿತು. ಕಾಕಾನ ಮೊಬೈಲು ಅವನನ್ನು ಕಾಲುವೆಯ ನೀರಿನಲ್ಲಿ ನಿಲ್ಲಿಸಿತು. ಅವನ ಕಾಲು ಮಾತ್ರ ಒಣಗಿಯೇ ಇತ್ತು. ಆದರೂ ತನ್ನ ಮೊಬೈಲು ಸುಳ್ಳೆಂದು ಇಬ್ಬರೂ ಹೇಳಲಿಲ್ಲ.

ಕೊನೆಗೆ ದೊಡ್ಡಪ್ಪನೇ ನನಗೆ ಒಂದು ದಾರಿ ಹೇಳಿದ: “ಅವನ ಮಷೀನೂ ಬ್ಯಾಡ, ನನ್ನದೂ ಬ್ಯಾಡ. ಮ್ಯಾಲಿಂದ ನೋಡಿ ಹೇಳೂದು ಒಂದು ತಗೊಂಡ ಬಾ. ಮ್ಯಾಲಿನದು ಯಾರ ಮನ್ಯಾಗೂ ಚಾ ಕುಡ್ಯಂಗಿಲ್ಲ.” ಕಾಕಾನೂ ತಲೆದೂಗಿದ. ಎಳ್ಳಮಾವಾಸ್ಯೆಯ ದಿನ ಅಳೆಯುವುದು, ಮರುದಿನವೇ ಕಂಬ ನೆಡುವುದು ಎಂದು ಗೊತ್ತಾಯಿತು.

ನಾನು ಕೊಳ್ಳಲು ಹೊರಟೆ.

ಮೊದಲು ಕೇಳಿದ್ದು ಸುರಪುರದ ಒಂದು ಮೊಬೈಲ್ ಅಂಗಡಿಯಲ್ಲಿ. ಹೊಲ ಅಳೆಯುವ ಯಂತ್ರ ಎಂದರೆ ಅಂಗಡಿಯವನು ಕೈಗಡಿಯಾರ ತೆಗೆದ. ಅದರಲ್ಲಿ ಎಷ್ಟು ಹೆಜ್ಜೆ ನಡೆದೆವು, ಎಷ್ಟು ಹೊತ್ತು ಮಲಗಿದೆವು, ಎದೆ ಎಷ್ಟು ಸಲ ಬಡಿಯಿತು ಎಲ್ಲ ಬರುತ್ತದಂತೆ. ನಾನು ಮಲಗಿದ್ದು ನನಗೆ ಗೊತ್ತಾಗದೆ ಗಡಿಯಾರಕ್ಕೆ ಗೊತ್ತಾಗಬೇಕೇ?

“ಹೊಲ ಅಳ್ಯಾಕ ಎದಿ ಬಡತ ಯಾತಕ್ಕಪಾ?” ಎಂದೆ.

“ಹೊಲದ ಜಗಳದಾಗ ಮೊದಲ ಹೋಗೂದ ಎದೀರಿ ಸಾವ್ಕಾರ್ರ,” ಎಂದ.

ಮಾತು ಚೆನ್ನಾಗಿತ್ತು. ಗಡಿಯಾರ ಬೇಡವೆಂದು ಬಂದೆ.

ಎರಡನೆಯ ಸಲಹೆ ನನ್ನ ಷಡ್ಡಕನದು. ಹೆಂಡತಿಯ ತಂಗಿಯ ಗಂಡ, ಶಹಾಪುರದಲ್ಲೇ ಇರುವವನು. ಭಾನುವಾರ ಬಂತೆಂದರೆ ಮಂಡಿಯವರೆಗೆ ಜೇಬುಗಳಿರುವ ಚಡ್ಡಿ ತೊಟ್ಟು, ಎರಡು ಕೈಯಲ್ಲಿ ಎರಡು ಕೋಲು ಹಿಡಿದು, ಬೆನ್ನಚೀಲದಿಂದ ಬಾಯಿಗೆ ನೀರಿನ ಕೊಳವೆ ಇಟ್ಟುಕೊಂಡು ಊರ ಗುಡ್ಡ ಹತ್ತುತ್ತಾನೆ. ಅದೇ ಗುಡ್ಡವನ್ನು ಕಟ್ಟಿಗೆ ಹೊರೆ ಹೊತ್ತ ಮುದುಕಿಯರು ಬರಿಗಾಲಲ್ಲಿ, ಎಲೆಅಡಿಕೆ ಜಗಿಯುತ್ತ ಇಳಿಯುತ್ತಾರೆ. ಇವನು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಡುತ್ತಾನೆ. ಇವನ ಹತ್ತಿರ ಒಂದು ಜಿಪಿಎಸ್ ಇದೆ. ಮನೆಯ ಸೋಫಾದ ಮೇಲೆ ಕೂಡಿಸಿ ಅದರ ಗುಣಗಳನ್ನು ಒಂದೊಂದಾಗಿ ಹೇಳಿದ. ಹಿಮದ ಬೆಟ್ಟಗಳ ನಕ್ಷೆ ಇದೆಯಂತೆ. ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ ಎನ್ನುತ್ತದಂತೆ. ಇಂದು ಮೀನು ಹಿಡಿಯಲು ಒಳ್ಳೆಯ ಹೊತ್ತು ಯಾವುದು ಎಂದೂ ತಿಳಿಸುತ್ತದಂತೆ.

“ನೀ ಮೀನ ಯಾವಾಗ ಹಿಡದಿಪಾ?” ಎಂದು ಕೇಳಿದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಮೀನು ಮಾರುವ ಓಣಿಯಲ್ಲಿ ಮೂಗು ಮುಚ್ಚಿಕೊಂಡು ಓಡುವವನು.

“ಹಿಡೀಬೇಕಂತ ಎಲ್ಲ್ಯದ? ಫೀಚರ್ ಇರಬೇಕ್ರಿ ಅಣ್ಣಾವ್ರ.”

ಆ ಸಂಜೆ ಮೊಬೈಲಿನಲ್ಲಿ ಇಂಥ ಯಂತ್ರಗಳ ಗುಣಗಾನ ಮಾಡುವ ವಿಡಿಯೋಗಳನ್ನೂ ನೋಡಿದೆ. ಒಬ್ಬನಂತೂ ಡಬ್ಬಿ ಬಿಚ್ಚುವುದಕ್ಕೇ ಅರ್ಧ ಹೊತ್ತು ತೆಗೆದುಕೊಂಡ. ಸೀರೆಯ ಮಡಿಕೆ ಬಿಚ್ಚಿ ತೋರಿಸುವಾಗ ನಾನು ಅಷ್ಟು ಹೊತ್ತು ಹಚ್ಚಿದರೆ ಗಿರಾಕಿ ಎದ್ದು ಊಟ ಮಾಡಿ ಬರಬಹುದು. ಯಂತ್ರ ಸರಿಯಾಗಿ ಅಳೆಯುತ್ತದೋ ಇಲ್ಲವೋ ಎಂಬುದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹೇಳಿದ.

ದಾರಿ ಹೇಳುವುದನ್ನು ನಾನು ಕಲಿತದ್ದು ನಮ್ಮಜ್ಜಿಯಿಂದ. ಯಾರಾದರೂ ಹೊಲ ಎಲ್ಲಿ ಎಂದು ಕೇಳಿದರೆ, “ಹಳ್ಳ ದಾಟು, ಎಡಕ್ಕೊಂದು ಬೋಳಗಲ್ಲು ಸಿಗ್ತದ, ಅದರ ನೆರಳ ಮುಂಜಾನಿ ಎಲ್ಲಿ ಬೀಳ್ತದ ಅಲ್ಲಿಂದ ಒಂದು ಕೂಗಿನಷ್ಟು ದೂರ,” ಎನ್ನುತ್ತಿದ್ದಳು. ಮಧ್ಯಾಹ್ನ ಬಂದವನು ಏನು ಮಾಡಬೇಕು ಎಂದು ನಾನು ಕೇಳಿದರೆ, “ಮಧ್ಯಾನ್ನ ಯಾವ ಮಂಗ್ಯಾ ಹೊಲಕ್ಕ ಹೊಂಡ್ತಾನ?” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆ ಮುದುಕಿಯ ದಾರಿ ಹಿಡಿದು ತಪ್ಪಿಹೋದವರನ್ನು ನಾನು ಕಾಣೆ.

ಕಡೆಗೆ ಯಾದಗಿರಿಗೆ ಹೋದೆ. ಸ್ಟೇಷನ್ ಕಡೆಯ ರಸ್ತೆಯಲ್ಲಿ ತೂಕದ ಯಂತ್ರ, ಟಾರ್ಚು, ಬ್ಯಾಟರಿ ಮಾರುವ ಅಂಗಡಿಯೊಂದಿತ್ತು. ಅಲ್ಲಿಯವನು ಗಾಜಿನ ಮೇಲೆ ಮೂರು ಯಂತ್ರ ಇಟ್ಟ. ಮೇಲಿನ ಉಪಗ್ರಹಕ್ಕೆ ನಾವು ಕಾಣಬೇಕಾದರೆ ಬಯಲಲ್ಲೇ ನಿಲ್ಲಬೇಕು, ನೆರಳಲ್ಲಿ ನಡೆಯುವುದಿಲ್ಲ ಎಂದ. ಮೊದಲನೆಯದು ಬಣ್ಣದ ಪರದೆಯದು, ಬೆರಳಿನಿಂದ ಸರಿಸುವಂಥದು. ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದೆ. ನನ್ನ ಮುಖ ಬಿಟ್ಟು ಏನೂ ಕಾಣಲಿಲ್ಲ. ನನ್ನ ಮುಖ ನೋಡಲು ಮನೆಯಲ್ಲಿ ಕನ್ನಡಿ ಇದೆ.

“ಹೊಲದಾಗ ಬಿಸಲ ಇರಂಗಿಲ್ಲೇನು?” ಎಂದೆ.

“ನೆರಳಿನಾಗ ನಿಂತ ನೋಡ್ಬೇಕ್ರಿ.”

“ನೆರಳಿದ್ದಲ್ಲಿ ಮ್ಯಾಲಿನದಕ್ಕ ನಾವು ಕಾಣಂಗಿಲ್ಲ ಅಂತ ನೀನ ಅಂದ್ಯಲ್ಲ ಈಗ?”

ಅವನು ಎರಡನೆಯದನ್ನು ಮುಂದೆ ತಳ್ಳಿದ. ಅದರ ಬ್ಯಾಟರಿ ಒಳಗೇ ಬೆಸುಗೆ. ತೆಗೆಯಲು ಬರುವುದಿಲ್ಲ, ಅದರದೇ ವಯರಿನಿಂದ ಚಾರ್ಜು ಮಾಡಬೇಕು. ವಯರು ಕಳೆದರೆ ಹೈದರಾಬಾದಿನಿಂದ ತರಿಸಬೇಕು. ಹೊಲಕ್ಕೆ ಕರೆಂಟು ಬರುವುದು ಮೋಟರಿನ ಪಾಳಿಗೆ, ಕೆಲವೇ ತಾಸು. ಅದನ್ನೂ ಸರಿಸಿದೆ.

ಮೂರನೆಯದು ದಪ್ಪ, ಕುರೂಪಿ, ಬೂದಿಬಣ್ಣದ ಪರದೆಯದು. ಗುಂಡಿಗಳು ಕೆಲವೇ, ಆದರೆ ದೊಡ್ಡವು. ಹೊಲದ ಕೈಯ ದಪ್ಪ ಬೆರಳಿಗೂ ಸಿಗುವಂಥವು. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಸಿಗುವ ಎರಡು ಸೆಲ್ಲು ಹಾಕಿದರೆ ಸಾಕು. ಬಿಸಿಲಿಗೆ ಹಿಡಿದರೆ ಅಕ್ಷರ ಇನ್ನೂ ಎದ್ದು ಕಾಣುತ್ತಿದ್ದವು. ಸುತ್ತು ಹಾಕಿ ಬಂದರೆ ವಿಸ್ತೀರ್ಣ ಹೇಳುತ್ತಿತ್ತು. ಮೀನಿನ ಸುದ್ದಿ ಇರಲಿಲ್ಲ. ಆರಿಸುವುದರಲ್ಲಿ ನಾನು ತಪ್ಪಲಿಲ್ಲವೆಂದು ಈಗಲೂ ಹೇಳುತ್ತೇನೆ. ಮೂರು ದಡ್ಡರಲ್ಲಿ ಕಡಿಮೆ ಮಾತಿನ ದಡ್ಡನನ್ನೇ ಆರಿಸಿದ್ದೆ.

ಪರೀಕ್ಷೆಗೆ ಅವನು ನನ್ನನ್ನು ರಸ್ತೆಗೆ ಕರೆತಂದು, ಕೈ ಎತ್ತಿ ಹಿಡಿದು ನಿಲ್ಲಲು ಹೇಳಿದ. ಉಪಗ್ರಹಗಳು ಸಿಗಬೇಕಂತೆ. ಆಟೋಗಳ ನಡುವೆ ಕೈ ಮೇಲೆತ್ತಿ ಎಷ್ಟೋ ಹೊತ್ತು ನಿಂತೆ. ದೋರನಹಳ್ಳಿಯ ನನ್ನ ಗಿರಾಕಿಯೊಬ್ಬ ಅದೇ ದಾರಿಯಲ್ಲಿ ಬಂದವನು, “ಏನ್ರಿ ಸಾವ್ಕಾರ್ರ, ಮಳಿ ಬರ್ತದೇನ್ ನೋಡಾಕತ್ತೀರೇನು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ನಗುತ್ತ ಹೋದ.

ಎಳ್ಳಮಾವಾಸ್ಯೆಯ ಮುಂಜಾನೆ ದೇವಾಪುರಕ್ಕೆ ಹೋದೆ. ಜೋಳ ಎದೆಮಟ್ಟ ನಿಂತಿತ್ತು. ಚಿಗವ್ವ ಬನ್ನಿಗಿಡದ ಬುಡದಲ್ಲಿ ಕಲ್ಲಿಟ್ಟು ಸುಣ್ಣ ಹಚ್ಚುತ್ತಿದ್ದಳು. ಪ್ರತಿವರ್ಷಕ್ಕಿಂತ ನಿಧಾನವಾಗಿ ಹಚ್ಚುತ್ತಿದ್ದಾಳೆ ಎನ್ನಿಸಿತು. ಕಂಬಗಳು ಬದುವಿನ ಪಕ್ಕದಲ್ಲಿ ಸಾಲಾಗಿ ಮಲಗಿದ್ದವು. ಅಣ್ಣತಮ್ಮಂದಿರು ಗಿಡದ ಆಚೆಗೊಬ್ಬ ಈಚೆಗೊಬ್ಬ ನಿಂತಿದ್ದರು. ನಡುವೆ ಎರಡು ಮಾರು ಅಂತರ. ಮಾತೆಲ್ಲ ನನ್ನ ಮೂಲಕ.

“ಮೊದಲ ನಾ ಸುತ್ತು ಹಾಕ್ತೀನಿ ಅಂತ ಹೇಳು ಅವಗ,” ಎಂದ ದೊಡ್ಡಪ್ಪ.

“ಹಾಕಲಿ. ನೆಟ್ಟಗ ನಡಿ ಅಂತ ಹೇಳು,” ಎಂದ ಕಾಕಾ. ಇಬ್ಬರಿಗೂ ಇಬ್ಬರ ಮಾತೂ ಕೇಳಿಸುತ್ತಿತ್ತು. ಆದರೂ ನಾನು ಹೇಳಲೇಬೇಕಿತ್ತು.

ಯಂತ್ರವನ್ನು ದೊಡ್ಡಪ್ಪನ ಅಂಗಿಯ ಜೇಬಿಗೆ ಹಾಕಿ ಗುಂಡಿ ಒತ್ತಿದೆ. ಅವನು ಚರಗದ ಬುಟ್ಟಿ ಹೊತ್ತು ಹೊರಟ. ಹೊಲದ ಅಂಚಿಗೆ ನಡೆ ಎಂದು ನೂರು ಸಲ ಹೇಳಿದ್ದೆ. ಆದರೆ ಎಳ್ಳಮಾವಾಸ್ಯೆಯ ದಿನ ಕೈಯಲ್ಲಿ ಚರಗ ಹಿಡಿದವನು ಅಂಚಿಗೆ ನಡೆಯುತ್ತಾನೆಯೇ? ಪೂರ್ವದ ಮೂಲೆಗೆ ಹೋದವನಿಗೆ ಆಚೆ ಹೊಲದವರು ಕಂಡರು. ಆ ದಿನ ಕಂಡವರನ್ನು ಊಟಕ್ಕೆ ಕರೆಯದೆ ಬರುವುದು ನಮ್ಮಲ್ಲಿ ದೊಡ್ಡ ಅವಮಾನ. ಅವರ ಹೊಲಕ್ಕೆ ಇಳಿದು, ಅವರ ಗಿಡಕ್ಕೆ ಕೈ ಮುಗಿದು, ಅವರ ಸಜ್ಜೆ ಕಡುಬು ಬಾಯಿಗೆ ಹಾಕಿಕೊಂಡು, ಅಲ್ಲಿಂದ ಕಾಲುವೆಗೆ ಹೋಗಿ ಕೈ ತೊಳೆದು, ಇನ್ನೊಂದು ದಿಕ್ಕಿನಿಂದ ಬಂದ. ಜೇಬಿನ ಯಂತ್ರ ನಿಷ್ಠೆಯಿಂದ ಆ ಹೊಲವನ್ನೂ ಇವನ ಲೆಕ್ಕಕ್ಕೆ ಬರೆಯಿತು. ಪಹಣಿಯಲ್ಲಿ ಆರು ಎಕರೆ ಚಿಲ್ಲರೆ ಇದ್ದದ್ದು ಒಂಬತ್ತು ಎಕರೆ ತೋರಿಸಿತು.

“ನೋಡಿದ್ಯಾ!” ಎಂದು ಕಾಕಾ ಕುಣಿದ. “ಮೂರ ಎಕರೆ ನುಂಗ್ಯಾನ! ದೀಡ ಮೊಳಕ್ಕ ನನ್ನ ಕಳ್ಳ ಅಂದಾನ!”

“ಈಗ ಅವನ್ನ ನಡಸು,” ಎಂದ ದೊಡ್ಡಪ್ಪ.

ಕಾಕಾ ತನ್ನ ಬುಟ್ಟಿ ಹೊತ್ತು ನಡೆದ. ಪಶ್ಚಿಮದ ಹೊಲದವರೂ ಕರೆಯಬೇಕಾದವರೇ. ಅವರ ಹೊಸ ಎತ್ತು ನೋಡಿ, ಹಲ್ಲು ಎಣಿಸಿ, ಬೆನ್ನು ತಟ್ಟಿ ಬಂದ. ಅವನದೂ ಎಂಟು ದಾಟಿತು. ಅಜ್ಜ ಬಿಟ್ಟುಹೋದ ಹೊಲ ಹನ್ನೆರಡೂವರೆ ಎಕರೆ. ಯಂತ್ರ ಒಂದೇ ಮುಂಜಾನೆಯಲ್ಲಿ ಅದನ್ನು ಹದಿನೇಳು ಮಾಡಿತ್ತು. ಕಲಿತ ಯಂತ್ರ ಎನ್ನುತ್ತಾರೆ ಇದಕ್ಕೆ. ಕಡುಬು ತಿನ್ನಲು ಹೋದವನು ಯಾರು, ಹೊಲದ ಯಜಮಾನ ಯಾರು ಎಂಬ ಭೇದ ಗೊತ್ತಿಲ್ಲದ ಯಂತ್ರ! ಈ ಭೇದ ನಮ್ಮೂರ ನಾಯಿಗೂ ಗೊತ್ತು.

ಇನ್ನು ನಾನೇ ನಡೆಯಬೇಕಾಯಿತು. ವಿಸ್ತೀರ್ಣ ಬೇಡ, ತಕರಾರಿನ ಬದುವನ್ನಷ್ಟೇ ಅಳೆಯೋಣವೆಂದು ಅದರ ಈ ತುದಿಯಿಂದ ಆ ತುದಿಗೆ, ಯಾರನ್ನೂ ಊಟಕ್ಕೆ ಕರೆಯದೆ, ಬಟ್ಟೆಗೆ ಪಟ್ಟಿ ಹಿಡಿದಂತೆ ನೆಟ್ಟಗೆ ನಡೆದೆ. ಅದೇ ಬದುವಿನ ಮೇಲೆ ಅದೇ ಹೆಜ್ಜೆಯಲ್ಲಿ ವಾಪಸು ಬಂದೆ. ಪರದೆ ನೋಡಿದರೆ ಎರಡು ಗೆರೆ. ಹೋದದ್ದೊಂದು ಕಡೆ, ಬಂದದ್ದೊಂದು ಕಡೆ. ಒಂದು ಗೆರೆಯಂತೆ ಗಿಡ ದೊಡ್ಡಪ್ಪನದು, ಇನ್ನೊಂದರಂತೆ ಕಾಕಾನದು. ಗೆರೆಗಳ ಕೆಳಗೆ ಸಣ್ಣ ಅಕ್ಷರದಲ್ಲಿ, ಐದು ಮೀಟರ್ ಆಚೀಚೆ ಆಗಬಹುದು ಎಂದು ಬರೆದಿತ್ತು. ಈ ಮಾತು ಯಾದಗಿರಿಯ ಅಂಗಡಿಯಲ್ಲೂ ಡಬ್ಬಿಯ ಬದಿಗೆ ಬರೆದೇ ಇತ್ತು. ಬಿಸಿಲು, ಗುಂಡಿ, ಸೆಲ್ಲು ಎಲ್ಲ ನೋಡಿ ಆರಿಸಿದ ನಾನು ಅಳತೆಯ ಮಾತೊಂದನ್ನು ಓದಿರಲಿಲ್ಲ. ನನ್ನಲ್ಲಿ ಬಟ್ಟೆ ಕೊಳ್ಳುವ ಯಾವ ಮುದುಕಿಯೂ ಇಂಥ ತಪ್ಪು ಮಾಡುವವಳಲ್ಲ. ಜಗಳ ದೀಡು ಮೊಳದ್ದು. ಯಂತ್ರದ ಅನುಮಾನವೇ ಹನ್ನೊಂದು ಮೊಳದ್ದು.

ಸುಳ್ಳು ಹೇಳಬಹುದಿತ್ತು. ಗಿಡ ಕಾಕಾನ ಕಡೆ ಬಿದ್ದ ಗೆರೆಯೊಂದನ್ನೇ ತೋರಿಸಿದ್ದರೆ ಚಿಗವ್ವನ ಕೆಲಸ ಆಗುತ್ತಿತ್ತು. ಅವಳು ಸುಣ್ಣದ ಕೈ ಹಾಗೇ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ದೊಡ್ಡಪ್ಪನೂ ನೋಡುತ್ತಿದ್ದ. ಚಿಕ್ಕವನಿದ್ದಾಗ ಇವನ ಹೆಗಲ ಮೇಲೆ ಕೂತು ಇದೇ ಹೊಲಕ್ಕೆ ಬಂದವನು ನಾನು. ನಾಲಿಗೆ ಹೊರಳಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ: ಎರಡು ಗೆರೆ, ಐದು ಮೀಟರ್, ಈ ಯಂತ್ರಕ್ಕೆ ಗೊತ್ತಿಲ್ಲ.

ಆಮೇಲೆ ದೊಡ್ಡಪ್ಪ ಯಂತ್ರವನ್ನು ಇಸಿದುಕೊಂಡು, ಕೊಳೆತ ಬದನೆಕಾಯಿ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದ. ನೋಡಿ, ನನ್ನ ಕಡೆ ಅಲ್ಲ, ನೇರ ಕಾಕಾನ ಕಡೆ ತಿರುಗಿದ.

“ಏ ತಮ್ಮಾ, ಇವನ ಅಂಗಡ್ಯಾಗ ಅಂಗಿ ಹೊಲಸಾಕ ಅರಿವಿ ತಗೊಂಡವರ ಗತಿ ಏನಲೇ?”

ಕಾಕಾನಿಗೆ ನಗು ತಡೆಯಲಾಗಲಿಲ್ಲ. “ಒಬ್ಬಗ ತೋಳ ಇರಂಗಿಲ್ಲ ಅಣ್ಣಾ, ಒಬ್ಬಗ ಮೂರ ತೋಳ ಇರ್ತಾವ!”

ಇಬ್ಬರೂ ನಕ್ಕರು. ಮಾತು ನಿಂತು ಎಷ್ಟೋ ಸುಗ್ಗಿ ಕಳೆದಿದ್ದವು. ಈಗ ಬಾಯಿ ಬಿಟ್ಟದ್ದು ನನ್ನನ್ನು ಬೈಯಲು. ಷಡ್ಡಕನ ಕೋಲಿನಿಂದ ಹಿಡಿದು ನನ್ನ ಓದಿನವರೆಗೆ ಒಂದನ್ನೂ ಬಿಡಲಿಲ್ಲ. ಒಬ್ಬ ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬ ಮುಂದುವರಿಸಿದ. ನನಗೆ ಮೈ ಉರಿಯಿತು. ಬೈಸಿಕೊಳ್ಳಲು ಯಾದಗಿರಿಯತನಕ ಹೋಗಿ ಬರಬೇಕಿತ್ತೇ ನಾನು?

ಆಗ ಚಿಗವ್ವ ಸೆರಗು ಎಳೆದುಕೊಂಡು, ಪಾಂಡವರ ಕಡೆ ಮುಖ ಮಾಡಿ ನನ್ನನ್ನು ಕೇಳಿದಳು. ಗಂಡನ ಅಣ್ಣನ ಎದುರು ಅವಳು ನೇರ ಮಾತಾಡುವವಳಲ್ಲ.

“ತಮ್ಮಾ, ಐದ ಮೀಟರ ಅಂದ್ರ ಎಲ್ಲಿತನ ಬರ್ತದ, ತೋರಸು.”

ಬದುವಿನ ಆಚೆ ಕೆಲವು ಹೆಜ್ಜೆ, ಈಚೆ ಕೆಲವು ಹೆಜ್ಜೆ ಹಾಕಿ, ಎರಡು ಮಣ್ಣಿನ ಹೆಂಟೆ ಇಟ್ಟು ತೋರಿಸಿದೆ. ಗಿಡ ನಟ್ಟನಡುವೆ ಬಂತು.

“ಅಂದ್ರ ಇಷ್ಟ ಜಾಗಾ ಯಾರದಂತ ಮ್ಯಾಲಿನವಂಗೂ ಗೊತ್ತಿಲ್ಲ,” ಎಂದು ಕಲ್ಲುಗಳಿಗೆ ಹೇಳಿದಳು. “ಯಾರದಂತ ಗೊತ್ತಿಲ್ಲದ ಜಾಗಾದಾಗ ಭಾವನವ್ರು ಕಂಬ ಹ್ಯಾಂಗ ನಡ್ತಾರ ಅಂತ ಕೇಳು.”

ನಾನು ಕೇಳಬೇಕಾಗಲಿಲ್ಲ. ದೊಡ್ಡಪ್ಪನಿಗೆ ಕೇಳಿಸಿತ್ತು. ನಗು ನಿಂತಿತು. ಎರಡು ಹೆಂಟೆಗಳನ್ನೂ ನೋಡಿದ, ಗಿಡ ನೋಡಿದ, ಯಂತ್ರವನ್ನು ನನ್ನ ಕೈಗೆ ಬಿಸಾಕಿದಂತೆ ಕೊಟ್ಟು, “ಹಸಿವ್ಯಾಗ್ಯಾದ, ರೊಟ್ಟಿ ಬಿಚ್ಚ್ರಿ,” ಎಂದ. ಗಿಡದ ಕೆಳಗೆ ಎರಡೂ ಮನೆಯ ಬುತ್ತಿಗಳು ಬಿಚ್ಚಿಕೊಂಡವು. ಅಣ್ಣತಮ್ಮಂದಿರು ಬೆನ್ನಿಗೆ ಬೆನ್ನು ಹಾಕಿ ಕೂತು ಉಂಡರು. ರೊಟ್ಟಿಗೆ ಶೇಂಗಾ ಹಿಂಡಿ ಬೇಕಾದಾಗ ಮಾತ್ರ ಕೈ ಹಿಂದಕ್ಕೆ ಚಾಚುತ್ತಿದ್ದರು. ಬೇಲಿಯ ಮಾತು ಯಾರೂ ಎತ್ತಲಿಲ್ಲ. ನಾನು ಶಹಾಪುರಕ್ಕೆ ಬಂದವನು ಯಂತ್ರವನ್ನು ಷಡ್ಡಕನಿಗೆ ಕೊಟ್ಟುಬಿಟ್ಟೆ. ಮೀನಿನ ಸುದ್ದಿ ಇಲ್ಲವೆಂದು ಅವನೂ ಅದನ್ನು ಕೀಳಾಗಿ ಕಂಡ.

ಎಂಟು ದಿನ ಬಿಟ್ಟು ದೇವಾಪುರಕ್ಕೆ ಹೋದೆ. ಮನಸ್ಸಿನಲ್ಲಿ ಅಳುಕು ಇತ್ತು. ಕಂಬ ನೆಟ್ಟಿದ್ದವು. ಬದುವಿನ ಒಂದು ತುದಿಯಿಂದ ದೊಡ್ಡಪ್ಪ ಹೇಳಿದ ಗೆರೆಯ ಮೇಲೆಯೇ, ದಾರ ಹಿಡಿದಂತೆ ನೆಟ್ಟಗೆ ಬಂದು, ಬನ್ನಿಗಿಡದ ಹತ್ತಿರ ಬೇಲಿ ನಿಂತುಬಿಟ್ಟಿತ್ತು. ಮತ್ತೆ ಶುರುವಾದದ್ದು ಗಿಡ ದಾಟಿ, ಹನ್ನೆರಡು ಹದಿಮೂರು ಮೊಳದ ಆಚೆಗೆ. ನಡುವೆ ತಂತಿಯಿಲ್ಲದ ಬಯಲು. ಆ ಬಯಲಿನ ಪಕ್ಕದಲ್ಲೇ ಮೂರೋ ನಾಲ್ಕೋ ಕಂಬ ಇನ್ನೂ ಮಲಗಿದ್ದವು. ಅದರಲ್ಲೊಂದರ ಮೇಲೆ ಚಿಗವ್ವ ಕೂತು ತೊಗರಿ ಕಾಯಿ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಸರಿದು ಕೂತು ಜಾಗ ಮಾಡಿದಳು.

ದೊಡ್ಡಪ್ಪ ಆಚೆ ಜೋಳದ ನಡುವಿನಿಂದ ಬಂದ. ಗಿಡದ ಹತ್ತಿರ ಬೇಲಿ ಯಾಕೆ ಬಿಟ್ಟೆ ಎಂದು ಕೇಳಿದೆ.

“ಕಂಬ ಕಡಿಮಿ ಬಿದ್ದಾವ,” ಎಂದ ದೊಡ್ಡಪ್ಪ.